ಅಮ್ಮ, ಗಿಟಾರು ಮತ್ತು ಮೂರು ಕಾಯಿಲ್

ಕಳೆದ ಗಣಪತಿ ಹಬ್ಬಕ್ಕೆ ಮುಂಚೆ ಅಟ್ಟ ಸ್ವಚ್ಛ ಮಾಡುವಾಗ ನನ್ನ ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೆಳಗೆ ಬಂತು. ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಅಟ್ಟ ಅಂದರೆ ಬಚ್ಚಲುಮನೆಯ ಮೇಲಿನ ಮೂರಡಿ ಗೂಡು. ಬಚ್ಚಲಿನ ಆವಿಯನ್ನೂ ಇಪ್ಪತ್ತೈದು ಮಳೆಗಾಲಗಳನ್ನೂ ಅಲ್ಲೇ ಕುಡಿದುಕೊಂಡು ಮಲಗಿದ್ದ ಗಿಟಾರು ಅದು. ತಂತಿಗಳು ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದವು. ಚೀಲದ ಜಿಪ್ಪು ಕೈಯಲ್ಲೇ ಪುಡಿಯಾಯಿತು. ಹೆಂಡತಿ ‘ಭಂಗಾರ್‌ವಾಲಾನಿಗೆ ಕೊಡಿ’ ಅಂದಳು. ಹದಿನಾರು ವರ್ಷದ ಮಗ ‘ಪಪ್ಪಾ, ಇದು ನಿಮ್ಮದಾ?’ ಎಂದು ನನ್ನನ್ನೇ ಮೊದಲ ಸಲ ನೋಡುವವನ ಹಾಗೆ ನೋಡಿದ. ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಮಾತ್ರ ಏನೂ ಹೇಳಲಿಲ್ಲ.

ಅಮ್ಮ ಏನೂ ಹೇಳದಿರುವುದು ಆಗ ನಮ್ಮ ಮನೆಯಲ್ಲಿ ಹೊಸದೇನಲ್ಲ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನ ರಾಮಮೂರ್ತಿನಗರದ ಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದು ಎರಡು ವರ್ಷವಾಗಿತ್ತು. ಇಲ್ಲಿ ಅವಳಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ನಾನು ಬೆಳಿಗ್ಗೆ 7.40ರ ಫಾಸ್ಟ್ ಲೋಕಲ್ ಹಿಡಿದರೆ ತಿರುಗಿ ಬರುವುದು ರಾತ್ರಿ ಎಂಟೂವರೆಗೆ. ಈ ಮಧ್ಯೆ ಮನೆ ಮಾರುವ ಮಾತು ಶುರುವಾಗಿತ್ತು. ಒಳ್ಳೆಯ ಬೆಲೆ ಬಂದಿತ್ತು. ‘ಅಮ್ಮಾ, ಮಾರೋಣವಾ?’ ಎಂದು ಕೇಳಿದಾಗ ‘ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡಪ್ಪ’ ಅಂದಿದ್ದಳು. ಆ ‘ಅಪ್ಪ’ ಎಂಬ ಪ್ರತ್ಯಯದಲ್ಲಿ ಏನೋ ಇತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಗಿಟಾರಿಗೆ ಬರೋಣ. ಅದು 1993ರಲ್ಲಿ ಬೆಂಗಳೂರಿನಲ್ಲಿ ಕೊಂಡದ್ದು. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಎಂಬ ಗಿಟಾರ್ 1954ರಲ್ಲಿ ಬಂತಲ್ಲ, ಅದರ ಅಗ್ಗದ ದೇಸಿ ನಕಲು. ಮೂರು ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್, ಐದು ಹೆಜ್ಜೆಯ ಒಂದು ಸ್ವಿಚ್ಚು. ಕಾಲೇಜಿನ ಬ್ಯಾಂಡಿನಲ್ಲಿ ಮೂರು ವರ್ಷ ಬಾರಿಸಿದೆ. ನೌಕರಿ ಸಿಕ್ಕಿ ಮುಂಬಯಿಗೆ ಬಂದಾಗ ಜೊತೆಗೇ ತಂದೆ. ಮದುವೆಯಾಯಿತು, ಲೋಕಲ್ ಟ್ರೇನಿನ ಪಾಸಾಯಿತು, ಗಿಟಾರು ಅಟ್ಟ ಸೇರಿತು. ಇದರಲ್ಲಿ ದುಃಖದ ಕಥೆಯೇನೂ ಇಲ್ಲ. ನಿಮ್ಮಲ್ಲೂ ಅನೇಕರ ಅಟ್ಟದಲ್ಲಿ ಇಂಥದ್ದೇನಾದರೂ ಇರಬಹುದು.

ಮಗನ ಒತ್ತಾಯಕ್ಕೆ ಹೊಸ ತಂತಿ ಹಾಕಿ, ಪಕ್ಕದ ಕಟ್ಟಡದ ಹುಡುಗನಿಂದ ಪುಟ್ಟ ಆಂಪ್ಲಿಫೈಯರ್ ತಂದು ಜೋಡಿಸಿದೆವು. ವಾಲ್ಯೂಮ್ ತಿರುಗಿಸಿದರೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಕುತ್ತಿಗೆಯ ಪಕ್ಕದ ಪಿಕಪ್ಪಿನಲ್ಲಿ ಸದ್ದೇ ಇಲ್ಲ. ಉಳಿದೆರಡರಲ್ಲಿ ಸದ್ದಿಗಿಂತ ಹೆಚ್ಚಾಗಿ ‘ಗುಂಯ್’ ಎನ್ನುವ ಗುಂಗು. ಮಗನ ಮುಖ ಸಪ್ಪಗಾಯಿತು. ‘ಸರಿ ಮಾಡೋಣ’ ಅಂದೆ. ಹೇಗೆಂದು ನನಗೇ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಗಿಟಾರನ್ನು ಬಿಚ್ಚಿದೆ. ತಂತಿ ಸಡಿಲಿಸಿ, ಹನ್ನೊಂದು ಸ್ಕ್ರೂ ತೆಗೆದರೆ ಬಿಳಿಯ ಪ್ಲಾಸ್ಟಿಕ್ ಹಲಗೆ ಪೂರ್ತಿ ಎದ್ದು ಬರುತ್ತದೆ. ಎಲ್ಲ ಸಾಮಾನೂ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಮಲ್ಟಿಮೀಟರ್ ಹಚ್ಚಿ ನೋಡಿದೆ. ಎರಡು ಪಿಕಪ್ ಐದೂವರೆ ಕಿಲೋ ಓಮ್ ಹತ್ತಿರ ತೋರಿಸಿದವು. ಕುತ್ತಿಗೆಯದ್ದು ಏನೂ ತೋರಿಸಲಿಲ್ಲ, ಒಳಗೆಲ್ಲೋ ತಂತಿ ತುಂಡಾಗಿತ್ತು. ಹೊರಸುತ್ತಿನ ಮೇಲೆ ಹಸಿರು ಕಿಲುಬು ಕಾಣುತ್ತಿತ್ತು. ಮುಂಬಯಿಯ ಹವೆ ಕೂದಲಿಗಿಂತ ಸಣ್ಣ ತಾಮ್ರವನ್ನು ಬಿಡುತ್ತದೆಯೇ?

ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಬಂತು. ‘ಅದೇನೋ ಅದು, ಕಾಯಿಲಾ?’

ಅಮ್ಮ ಕೈಚಾಚಿ ಆ ಸತ್ತ ಪಿಕಪ್ ತೆಗೆದುಕೊಂಡಳು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಅವಳು ಹತ್ತಿರದ ವಸ್ತುವನ್ನು ಸ್ವಲ್ಪ ದೂರ ಹಿಡಿದೇ ನೋಡುವುದು. ಬೆಳಕಿಗೆ ಹಿಡಿದು ತಿರುಗಿಸಿದಳು. ಉಗುರಿನಿಂದ ಅಂಚನ್ನು ಮುಟ್ಟಿದಳು. ‘ಎಷ್ಟು ಗೇಜು?’ ಅಂದಳು. ಓದಿಕೊಂಡಿದ್ದ ನಾನು ‘ನಲವತ್ತೆರಡು’ ಅಂದೆ. ‘ನಲವತ್ತೆರಡಲ್ಲ ಕಣೋ. ನಲವತ್ತೆರಡು ಇನ್ನೂ ದಪ್ಪ. ಇದು ನಲವತ್ತಾರು.’

ನಾನು ನಕ್ಕುಬಿಟ್ಟೆ. ಆಮೇಲೆ ಮೊಬೈಲಿನಲ್ಲಿ ನೋಡಿದರೆ ಅವಳೇ ಸರಿ. ಗಿಟಾರಿನವರು ಹೇಳುವ 42 ಅಮೆರಿಕನ್ ಗೇಜು, ಸುಮಾರು 0.063 ಮಿಲಿಮೀಟರ್. ನಮ್ಮ ಕಾರ್ಖಾನೆಗಳು ಬಳಸುತ್ತಿದ್ದದ್ದು ಬ್ರಿಟಿಷ್ ಗೇಜು. ಅದರಲ್ಲಿ 42 ಅಂದರೆ 0.1 ಮಿಲಿಮೀಟರ್, 46 ಅಂದರೆ 0.061. ಎಪ್ಪತ್ತಾರು ವರ್ಷದ ಹೆಂಗಸು ಉಗುರಿನ ತುದಿಯಿಂದ ಮುಟ್ಟಿ ಆ ವ್ಯತ್ಯಾಸ ಹೇಳಿದ್ದಳು.

ಅಮ್ಮ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲಿ, ಅಂದರೆ ಐ.ಟಿ.ಐ.ನಲ್ಲಿ, ಇಪ್ಪತ್ತೊಂಬತ್ತು ವರ್ಷ ದುಡಿದವಳು. 1948ರಲ್ಲಿ ಶುರುವಾದ ಆ ಕಾರ್ಖಾನೆ ನಮ್ಮ ಬಡಾವಣೆಯ ಅರ್ಧ ಮನೆಗಳ ಒಲೆ ಹೊತ್ತಿಸುತ್ತಿತ್ತು. ನನ್ನ ಬಾಲ್ಯದಲ್ಲಿ ‘ಅಮ್ಮ ಫ್ಯಾಕ್ಟರಿಗೆ ಹೋಗಿದಾಳೆ’ ಎಂಬುದೊಂದು ಪೂರ್ಣ ವಾಕ್ಯ. ಅದಕ್ಕೆ ಮುಂದೆ ಪ್ರಶ್ನೆ ಇರಲಿಲ್ಲ. ಬೆಳಿಗ್ಗೆ ಬಸ್ಸು, ಕ್ಯಾಂಟೀನಿನ ಊಟ, ಸಂಜೆ ಬಂದು ಮತ್ತೆ ಅಡುಗೆ. ಅಪ್ಪ ಶಾಲೆಯಲ್ಲಿ ಇತಿಹಾಸ ಪಾಠ ಹೇಳುತ್ತಿದ್ದರೆಂದು ನನಗೆ ಗೊತ್ತಿತ್ತು, ಯಾವ ರಾಜನ ಪಾಠ ಅವರಿಗೆ ಇಷ್ಟವೆಂಬುದೂ ಗೊತ್ತಿತ್ತು. ಅಮ್ಮ ಫ್ಯಾಕ್ಟರಿಯೊಳಗೆ ಹೋಗಿ ಏನು ಮಾಡುತ್ತಿದ್ದಳೆಂದು ಐವತ್ತು ದಾಟಿದ ಮೇಲೂ ನಾನು ಕೇಳಿರಲಿಲ್ಲ.

ಕೇಳಿದೆ. ‘ಕಾಯಿಲ್ ಸುತ್ತುತಿದ್ದೆ’ ಅಂದಳು.

ಎಕ್ಸ್‌ಚೇಂಜಿನ ರಿಲೇಗಳ ಕಾಯಿಲ್, ಟೆಲಿಫೋನಿನ ಗಂಟೆಯ ಕಾಯಿಲ್, ರಿಸೀವರಿನ ಕಾಯಿಲ್. ಬಾಬಿನ್ ಯಂತ್ರಕ್ಕೆ ಸಿಕ್ಕಿಸುವುದು, ತಂತಿಯ ಎಳೆತ ಬೆರಳಿನಲ್ಲೇ ನೋಡಿಕೊಳ್ಳುವುದು. ಹೆಚ್ಚು ಎಳೆದರೆ ತುಂಡು, ಕಡಿಮೆಯಾದರೆ ಸಡಿಲ. ಎಣಿಕೆ ಮುಗಿದಾಗ ತುದಿಯ ಇನಾಮೆಲ್ ಕೆರೆದು ಬೆಸುಗೆ ಹಾಕುವುದು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಗಾಳಿಯಲ್ಲೇ ಒಂದು ಇಲ್ಲದ ಎಳೆಯನ್ನು ಹಿಡಿದುಕೊಂಡಿದ್ದವು.

ಪಿಕಪ್ ಹೇಗೆ ಕೆಲಸ ಮಾಡುತ್ತದೆಂದು ನಾನು ಅವಳಿಗೆ ವಿವರಿಸಲು ಹೊರಟೆ. ಒಳಗೆ ಆಯಸ್ಕಾಂತ, ಸುತ್ತ ಏಳೆಂಟು ಸಾವಿರ ಸುತ್ತು ತಾಮ್ರ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಅಲುಗುತ್ತದೆ, ಕಾಯಿಲಿನಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ಅರ್ಧಕ್ಕೇ ತಡೆದು ‘ರಿಸೀವರಿನದ್ದೇ ಉಲ್ಟಾ ಕೆಲಸ, ಅಷ್ಟೇ ತಾನೆ?’ ಅಂದಳು. ಅಷ್ಟೇ. ಟೆಲಿಫೋನಿನಲ್ಲಿ ವಿದ್ಯುತ್ತು ಹೋಗಿ ತಗಡನ್ನು ಕಂಪಿಸುತ್ತದೆ, ಇಲ್ಲಿ ತಂತಿ ಕಂಪಿಸಿ ವಿದ್ಯುತ್ತು ಹೊರಡುತ್ತದೆ. ಎಂಜಿನಿಯರಿಂಗ್ ಓದಿದ ನಾನು ಇದನ್ನು ಹೀಗೆ ಒಂದೇ ವಾಕ್ಯದಲ್ಲಿ ಎಂದೂ ಯೋಚಿಸಿರಲಿಲ್ಲ.

ಹೊಸ ಪಿಕಪ್ ಮೂರರ ಸೆಟ್ಟನ್ನು ಆನ್‌ಲೈನಿನಲ್ಲಿ ತರಿಸಿದೆ. ಆಲ್ನಿಕೋ ಎಂಬ ಆಯಸ್ಕಾಂತದ್ದು. ಹೆಸರಿನಲ್ಲೇ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಅಡಗಿವೆ. ಉಳಿದ ಸಾಮಾನಿಗೆ ಶನಿವಾರ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಆ ರಸ್ತೆಯ ಕಾಗದದ ಹೆಸರು ಡಾ. ಭಡ್ಕಮ್ಕರ್ ಮಾರ್ಗ, ಆದರೆ ಆ ಹೆಸರು ಹೇಳಿ ಯಾರೂ ದಾರಿ ಕೇಳುವುದಿಲ್ಲ. 250 ಕಿಲೋ ಓಮಿನ ಪಾಟ್ ಮೂರು ಬೇಕು, ಅದೂ ‘ಲಾಗ್’ ಜಾತಿಯದು. ನಮ್ಮ ಕಿವಿ ಸದ್ದನ್ನು ನೇರ ಲೆಕ್ಕದಲ್ಲಿ ಕೇಳುವುದಿಲ್ಲವಾದ್ದರಿಂದ ಲೀನಿಯರ್ ಪಾಟ್ ಹಾಕಿದರೆ ಗುಬ್ಬಿ ತಿರುಗಿಸಿದಾಗ ಎಲ್ಲ ಬದಲಾವಣೆ ಒಂದೇ ಕಡೆ ಗುಂಪಾಗುತ್ತದೆ. ಅಂಗಡಿಯವ ‘ಲಾಗ್ ನಹೀ ಹೈ, ಲೀನಿಯರ್ ಲೇ ಜಾವ್, ಸಬ್ ಸೇಮ್’ ಅಂದ. ನಾಲ್ಕನೆಯ ಅಂಗಡಿಯಲ್ಲಿ ಸಿಕ್ಕಿತು. ಟೋನಿಗೆ 473 ಎಂದು ಬರೆದ ಕೆಪಾಸಿಟರ್, ಅಂದರೆ 0.047 ಮೈಕ್ರೋಫ್ಯಾರಡ್. ಒಂದು ಐದು ಹೆಜ್ಜೆಯ ಸ್ವಿಚ್ಚು ನನ್ನ ಹಳೆಯದೇ ಇತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಚೆನ್ನಾಗಿಯೇ ನಡೆಯಿತು. ಕೊನೆಗೆ ಬೆಸುಗೆ ಸಾಮಾನು. 25 ವ್ಯಾಟಿನ ಐರನ್ ಕೊಂಡೆ.

ಮನೆಗೆ ಬಂದಾಗ ಅಮ್ಮ ಆ ಐರನ್ ಕೈಯಲ್ಲಿ ತೂಗಿ ನೋಡಿ, ‘ಇದರಲ್ಲಿ ಪಾಟಿನ ಬೆನ್ನಿಗೆ ಬೆಸುಗೆ ಕೂರಲ್ಲ’ ಅಂದಳು. ಕೂರಲಿಲ್ಲ. ಗ್ರೌಂಡಿನ ತಂತಿಗಳೆಲ್ಲ ಪಾಟಿನ ಲೋಹದ ಬೆನ್ನಿಗೇ ಹತ್ತಬೇಕು. ಅಷ್ಟು ದೊಡ್ಡ ತಗಡು ಕಾವನ್ನೆಲ್ಲ ಹೀರಿಕೊಳ್ಳುತ್ತದೆ, ಸೀಸ ಮಣಿಯಾಗಿ ಉರುಳುತ್ತದೆ. ನಾನು ಐರನ್ನಿನ ತುದಿಯಲ್ಲಿ ಸೀಸ ಕರಗಿಸಿ ಒರೆಸುತ್ತಿದ್ದೆ. ‘ಕಾವು ಸೀಸಕ್ಕಲ್ಲ ಕಣೋ, ಕೂಡೋ ಜಾಗಕ್ಕೆ ಕೊಡು. ಜಾಗ ಬಿಸಿಯಾದರೆ ಸೀಸ ತಾನಾಗಿ ಹರಿಯುತ್ತೆ. ಮೊದಲು ಪಾಟಿನ ಬೆನ್ನು ಕೆರಿ.’ ಉಪ್ಪುಕಾಗದದಿಂದ ಕೆರೆದೆ. ಪಕ್ಕದ ಕಟ್ಟಡದ ಹುಡುಗನಿಂದ 60 ವ್ಯಾಟಿನ ಐರನ್ ಬಂತು. ರೋಸಿನ್ ಹೊಗೆ ಎದ್ದಿತು. ಹೆಂಡತಿ ಕಿಟಕಿ ತೆರೆದಳು. ಅಮ್ಮ ಮಾತ್ರ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು.

ತಂತಿ ಜೋಡಿಸುವ ನಕ್ಷೆ ಕಂಡಷ್ಟು ಕಷ್ಟದ್ದಲ್ಲ. ಪ್ರತಿ ಪಿಕಪ್ಪಿನಿಂದ ಎರಡು ತಂತಿ. ಕಪ್ಪು ಗ್ರೌಂಡಿಗೆ, ಬಿಳಿ ಸ್ವಿಚ್ಚಿಗೆ. ಸ್ವಿಚ್ಚಿನಿಂದ ವಾಲ್ಯೂಮಿಗೆ, ವಾಲ್ಯೂಮಿನಿಂದ ಜ್ಯಾಕಿಗೆ. ಟೋನಿನ ಪಾಟ್ ಕೆಪಾಸಿಟರ್ ಮೂಲಕ ತೀಕ್ಷ್ಣ ಸ್ವರಗಳನ್ನು ಗ್ರೌಂಡಿಗೆ ಸೋರಿಸುತ್ತದೆ. ಜೊತೆಗೆ ಸೇತುವೆಯ ಕೆಳಗಿನಿಂದ ಬರುವ ಒಂದು ಒಂಟಿ ತಂತಿ. ಅದನ್ನು ಮರೆತರೆ ಗಿಟಾರಿನ ತಂತಿಗಳು ಗ್ರೌಂಡಾಗುವುದಿಲ್ಲ, ಗುಂಗು ಹೋಗುವುದಿಲ್ಲ.

ಇದೆಲ್ಲ ಸರಿಯಾಗಿಯೇ ನಡೆಯಿತು, ಮಧ್ಯದ ಪಿಕಪ್ಪಿನವರೆಗೆ. ಅದರ ಬಟ್ಟೆ ಹೊದಿಕೆಯ ತಂತಿಗಳು ಬಿರುಸಾಗಿದ್ದವು. ರಂಧ್ರದಲ್ಲಿ ಸಿಕ್ಕಿಕೊಂಡದ್ದನ್ನು ನಾನು ಜಗ್ಗಿದೆ. ಎರಡೂ ತಂತಿ ಬುಡದಿಂದ ಕಿತ್ತುಕೊಂಡು ಕೈಗೆ ಬಂದವು. ಪಿಕಪ್ಪಿನ ಅಡಿಯಲ್ಲಿ ಎರಡು ಪುಟ್ಟ ಹಿತ್ತಾಳೆ ಕಣ್ಣುಗಳಿರುತ್ತವೆ. ಕಾಯಿಲಿನ ಕೂದಲೆಳೆ ಬಂದು ಮುಗಿಯುವುದು ಅಲ್ಲೇ. ಅದೃಷ್ಟಕ್ಕೆ ಎಳೆಗಳು ತುಂಡಾಗಿರಲಿಲ್ಲ. ಗಂಟೆ ಹನ್ನೊಂದಾಗಿತ್ತು, ಅಮ್ಮ ಮಲಗಿದ್ದಳು. ಉಸಿರು ಬಿಗಿಹಿಡಿದು ಎರಡನ್ನೂ ಮತ್ತೆ ಬೆಸೆದು, ಹಲಗೆ ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡೆ.

ಒಂದೊಂದೇ ಪಿಕಪ್ ಕೇಳಿದಾಗ ಕಣ್ಣು ತುಂಬಿ ಬರುವಷ್ಟು ಚೆನ್ನಾಗಿತ್ತು. ಆದರೆ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಹೆಜ್ಜೆಯಲ್ಲಿ, ಎಂದರೆ ಎರಡೆರಡು ಪಿಕಪ್ ಕೂಡುವಲ್ಲಿ, ದನಿ ಸೊರಗಿ ಹೋಗುತ್ತಿತ್ತು. ನೆಗಡಿಯಾದವನು ಮೂಗಿನಲ್ಲಿ ಮಾತಾಡಿದ ಹಾಗೆ. ಗುಂಗು ಮಾತ್ರ ಇನ್ನೂ ಜೋರು. ಈ ಎರಡು ಹೆಜ್ಜೆಗಳೇ ಈ ಗಿಟಾರಿನ ಜೀವ. ಮೊದಲು ಇದಕ್ಕೆ ಮೂರೇ ಹೆಜ್ಜೆಯ ಸ್ವಿಚ್ಚಿತ್ತು. ವಾದಕರು ಸ್ವಿಚ್ಚನ್ನು ನಡುವೆ ಅಡ್ಡಾದಿಡ್ಡಿ ನಿಲ್ಲಿಸಿ ಆ ದನಿ ತೆಗೆಯುತ್ತಿದ್ದರಂತೆ, ಕಂಪನಿ 1977ರಲ್ಲಿ ಐದು ಹೆಜ್ಜೆ ಕೊಟ್ಟಿತು. ಅದೇ ಎರಡು ಕೆಟ್ಟಿದ್ದವು. ಮಗ ಏನೂ ಅನ್ನಲಿಲ್ಲ, ‘ಚಲೇಗಾ ಪಪ್ಪಾ’ ಅಂದ. ಅದು ಇನ್ನೂ ಚುಚ್ಚಿತು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಮೂರೇ ಪ್ರಶ್ನೆ.

‘ಒಂದೊಂದೇ ಆದಾಗ ಸರಿ ಇದೆಯಾ?’

‘ಇದೆ.’

‘ಎರಡು ಸೇರಿದಾಗ ಮಾತ್ರ ಹೀಗಾ?’

‘ಹೌದು.’

‘ಮಧ್ಯದ್ದರಲ್ಲಿ ಶುರು ಯಾವ ಕಡೆ ಕೊಟ್ಟೆ, ಕೊನೆ ಯಾವ ಕಡೆ ಕೊಟ್ಟೆ?’

ನನಗೆ ಅರ್ಥವಾಗಲಿಲ್ಲ. ಪ್ರತಿ ಕಾಯಿಲಿಗೂ ಒಂದು ಶುರು, ಒಂದು ಕೊನೆ ಇರುತ್ತದೆ ಎಂದಳು. ಸುತ್ತಲು ಹಿಡಿದ ಮೊದಲ ಎಳೆ ಒಳಗಿನಿಂದ, ಬಾಬಿನ್ನಿನ ಬುಡದಿಂದ ಬರುತ್ತದೆ. ಕೊನೆಯ ಎಳೆ ಹೊರಗಿನ ಸುತ್ತಿನಿಂದ ಇಳಿಯುತ್ತದೆ. ಟೆಲಿಫೋನಿನ ಗಂಟೆಯಲ್ಲಿ ಎರಡು ಕಾಯಿಲ್ ಜೋಡಿ ಇರುತ್ತವಂತೆ. ಒಂದರ ಶುರು-ಕೊನೆ ಅದಲುಬದಲಾದರೆ ಎರಡೂ ಒಂದರ ಕೆಲಸ ಇನ್ನೊಂದು ಅಳಿಸಿಹಾಕುತ್ತವೆ. ಕಾಯಿಲ್ ಎರಡೂ ಚೆನ್ನಾಗಿರುತ್ತವೆ, ಮೀಟರಿನಲ್ಲಿ ಸರಿ ತೋರಿಸುತ್ತವೆ, ಗಂಟೆ ಮಾತ್ರ ಬಾರಿಸದು. ‘ಹೊಸ ಹುಡುಗಿಯರು ಬಂದಾಗ ಮೊದಲ ವಾರ ಇದೇ ತಪ್ಪು ಮಾಡೋರು. ನಾನೂ ಮಾಡಿದ್ದೆ. ಸೂಪರ್‌ವೈಸರ್ ಎಲ್ಲರ ಎದುರಿಗೆ ಬೈದಿದ್ದ.’

ಅಂದು ನಾನು ರಜೆ ಹಾಕಿದೆ. ಮತ್ತೆ ಹಲಗೆ ಬಿಚ್ಚಿ, ಮಗನ ಬಯಾಲಜಿಯ ಭೂತಗನ್ನಡಿ ಕೊಟ್ಟೆ. ಅಮ್ಮ ಮೂರೂ ಪಿಕಪ್ಪುಗಳನ್ನು ಒಂದಾದ ಮೇಲೊಂದು ನೋಡಿದಳು. ಉಳಿದೆರಡರಲ್ಲಿ ಒಳಗಿನ ಎಳೆ ಕಪ್ಪು ತಂತಿಯ ಕಣ್ಣಿಗೆ ಹೋಗಿತ್ತು. ಮಧ್ಯದ್ದರಲ್ಲಿ ಬಿಳಿಗೆ. ರಾತ್ರಿ ನಾನು ತಿರುವುಮುರುವು ಬೆಸೆದಿದ್ದೆ.

ಈ ಸೆಟ್ಟಿನಲ್ಲಿ ಮಧ್ಯದ ಪಿಕಪ್ಪನ್ನು ಬೇಕೆಂದೇ ವಿರುದ್ಧ ದಿಕ್ಕಿಗೆ ಸುತ್ತಿ, ಆಯಸ್ಕಾಂತವನ್ನೂ ತಲೆಕೆಳಗು ಇಟ್ಟಿರುತ್ತಾರೆ. ಎರಡು ಸಲ ತಿರುಗಿಸಿದ್ದರಿಂದ ತಂತಿಯ ನಾದ ಎರಡೂ ಪಿಕಪ್ಪಿನಲ್ಲಿ ಒಂದೇ ದಿಕ್ಕಿಗೆ ಬರುತ್ತದೆ, ಕೂಡುತ್ತದೆ. ಆದರೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಗಿಗೆ ಆಯಸ್ಕಾಂತದ ಹಂಗಿಲ್ಲ, ಅದು ಕಾಯಿಲಿನ ದಿಕ್ಕನ್ನಷ್ಟೇ ನೋಡುತ್ತದೆ. ಹಾಗಾಗಿ ಅದು ಎದುರುಬದುರಾಗಿ ಅಳಿದುಹೋಗುತ್ತದೆ. ನನ್ನ ತಪ್ಪಿನಿಂದ ಇದು ಪೂರ್ತಿ ಉಲ್ಟಾ ಆಗಿತ್ತು. ನಾದ ಅಳಿಯುತ್ತಿತ್ತು, ಗುಂಗು ಕೂಡುತ್ತಿತ್ತು. ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯಿತು.

ಆದರೆ ಆ ಹಿತ್ತಾಳೆ ಕಣ್ಣಿಗೆ ಇನ್ನೊಮ್ಮೆ ಕಾವು ಕೊಡಲು ನನಗೆ ಧೈರ್ಯ ಬರಲಿಲ್ಲ. ಎಳೆ ಸುಟ್ಟರೆ ಪಿಕಪ್ಪೇ ಹೋಯಿತು. ‘ಸ್ವಿಚ್ಚಿನ ಕಡೆಯೇ ಬದಲಾಯಿಸಿಬಿಡ್ತೀನಿ, ಬಿಳಿ ಗ್ರೌಂಡಿಗೆ, ಕಪ್ಪು ಸ್ವಿಚ್ಚಿಗೆ’ ಅಂದೆ. ಅದೂ ಸರಿಯಾದ ದಾರಿಯೇ. ಅಮ್ಮ ಒಪ್ಪಲಿಲ್ಲ. ‘ನಾಳೆ ಬೇರೆ ಯಾರೋ ಬಿಚ್ಚಿದಾಗ ಕಪ್ಪು ಗ್ರೌಂಡು ಅಂತ ನಂಬ್ತಾರೆ. ಮೋಸ ಆಗುತ್ತೆ. ಆ ಸಣ್ಣ ಐರನ್ ಕೊಡು.’

ಕೈ ನಡುಗುವುದಿಲ್ಲವೇ ಎಂದು ಕೇಳಬೇಕೆಂದುಕೊಂಡೆ. ಚಮಚದಲ್ಲಿ ಸಾರು ಬಡಿಸುವಾಗ ನಡುಗುತ್ತದೆ, ನಾನು ನೋಡಿದ್ದೇನೆ. ಅಮ್ಮ ಎರಡೂ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿದಳು. ಐರನ್ನನ್ನು ಪೆನ್ಸಿಲಿನಂತೆ ಹಿಡಿದಳು. ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿ, ಮುಟ್ಟಿಸಿ, ಮನಸ್ಸಿನಲ್ಲೇ ಎರಡು ಎಣಿಸಿ, ತೆಗೆದಳು. ಬಿಳಿ ತಂತಿ ಬಿಟ್ಟುಕೊಂಡಿತು. ಮತ್ತೆ ಒರೆಸಿದಳು. ಕಪ್ಪು. ನಾಲ್ಕು ಸ್ಪರ್ಶ, ಒಂದು ನಿಮಿಷವೂ ಆಗಿರಲಿಲ್ಲ. ಬೆಸುಗೆ ಸಣ್ಣ ಕನ್ನಡಿಯ ಹಾಗೆ ಹೊಳೆಯಿತು. ನಾನು ಹಾಕಿದ್ದವು ಅದರ ಪಕ್ಕದಲ್ಲಿ ರಾಗಿಮುದ್ದೆಯ ಹಾಗಿದ್ದವು. ಮಗ ಮೊಬೈಲ್ ಕೆಳಗಿಟ್ಟು ನೋಡುತ್ತಿದ್ದ.

ಸಂಜೆ ನಾಲ್ಕನೆಯ ಹೆಜ್ಜೆಗೆ ಸ್ವಿಚ್ಚು ತಳ್ಳಿದೆ. ಗುಂಗು ಬತ್ತಿಹೋಗಿತ್ತು. ಗಂಟೆಯ ಅಂಚು ಮುಟ್ಟಿದಂಥ ದನಿ ಬಂತು. ಅಮ್ಮ ‘ಹ್ಞೂಂ, ಈಗ ಕೂಡಿಕೊಂಡವು’ ಅಂದು ಅಡುಗೆಮನೆಗೆ ಹೋದಳು.

ಆ ರಾತ್ರಿ ಅವಳಿಗೆ ಒಂದು ವಿಷಯ ಹೇಳಿದೆ. ಕ್ಯಾಲಿಫೋರ್ನಿಯಾದ ಫೆಂಡರ್ ಕಾರ್ಖಾನೆಯಲ್ಲಿ ಅಬಿಗೈಲ್ ಇಬಾರಾ ಎಂಬ ಹೆಂಗಸಿದ್ದರು. 1956ರಲ್ಲಿ ಕೆಲಸಕ್ಕೆ ಸೇರಿ ದಶಕಗಳ ಕಾಲ ಪಿಕಪ್ ಸುತ್ತಿದವರು. ಅವರು ಸುತ್ತಿದ ಪಿಕಪ್ಪುಗಳನ್ನು ಗಿಟಾರಿನ ಹುಚ್ಚರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅವುಗಳ ಅಡಿಯಲ್ಲಿ ಅವರ ಹೆಸರಿನ ಅಕ್ಷರಗಳಿರುತ್ತವೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಮ್ಮದರ ಮೇಲೆ ಇನ್‌ಸ್ಪೆಕ್ಷನ್ ಮೊಹರು ಇರ್ತಿತ್ತು’ ಅಂದಳು. ‘ನಂಬರು ಮಾತ್ರ.’ ಆಮೇಲೆ, ‘ನಿನಗೆ ಆ ಗಿಟಾರು ಕೊಡಿಸಿದ್ದು ಹಬ್ಬದ ಮುಂಗಡ ತಗೊಂಡು. ನಿಮ್ಮಪ್ಪನಿಗೆ ಸೀರೆ ಅಂತ ಹೇಳಿದ್ದೆ. ಆ ವರ್ಷ ನಾನು ಹಳೇ ಸೀರೆಯನ್ನೇ ಇಸ್ತ್ರಿ ಮಾಡಿಸಿ ಉಟ್ಟಿದ್ದೆ. ಅವರಿಗೆ ಗೊತ್ತೇ ಆಗಲಿಲ್ಲ’ ಎಂದು ನಕ್ಕಳು.

ನನಗೂ ಗೊತ್ತಿರಲಿಲ್ಲ. ಅಪ್ಪನ ದುಡ್ಡೆಂದೇ ಮೂವತ್ತು ವರ್ಷ ತಿಳಿದಿದ್ದೆ. ಅಪ್ಪನಿಗೆ ಥ್ಯಾಂಕ್ಸ್ ಕೂಡ ಹೇಳಿದ್ದೆ. ಅವರು ಗೊಂದಲದಿಂದ ತಲೆಯಾಡಿಸಿದ್ದು ಈಗ ನೆನಪಾಯಿತು.

‘ಅಮ್ಮಾ, ಆ ಮನೆ ಮಾರೋದು ನಿನಗೆ ಇಷ್ಟ ಇದೆಯಾ?’ ಎಂದು ಈ ಸಲ ಬೇರೆ ಥರ ಕೇಳಿದೆ. ಉತ್ತರ ಬರುವವರೆಗೂ ಕಾದೆ. ತುಂಬಾ ಹೊತ್ತಾಯಿತು. ‘ಅಲ್ಲಿ ಬಸ್ ಸ್ಟಾಪಿನಲ್ಲಿ ನಿಂತರೆ ನಮ್ಮ ಸೆಕ್ಷನ್ನಿನ ಯಾರಾದರೂ ಒಬ್ಬರು ಸಿಗ್ತಾರೆ. ಇಲ್ಲಿ ನಾನು ನಿನ್ನ ಅಮ್ಮ ಮಾತ್ರ’ ಅಂದಳು.

ಮನೆ ಮಾರಲಿಲ್ಲ. ಹೆಂಡತಿಗೂ ನನಗೂ ಅದರ ಬಗ್ಗೆ ಸಣ್ಣ ಜಗಳವಾಯಿತು. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಫ್ಲ್ಯಾಟಿನ ಸಾಲ ಇನ್ನೂ ಆರು ವರ್ಷ ಇದೆ. ಒಬ್ಬಳೇ ಹೇಗಿರುತ್ತಾಳೆಂಬ ಹೆದರಿಕೆ ನನಗೂ ಹೋಗಿಲ್ಲ. ಸದ್ಯಕ್ಕೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಒಪ್ಪಂದ. ಡಿಸೆಂಬರಿನಲ್ಲಿ ಕಲ್ಯಾಣ್ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಅವಳನ್ನು ಹತ್ತಿಸಿದೆವು. ಜೊತೆಗೆ ಮಗನೂ ಹೋದ, ಕ್ರಿಸ್ಮಸ್ ರಜೆಗೆ.

ಬ್ಯಾಗು ಕಟ್ಟುವಾಗ ನೋಡಿದೆ, ಆ ಸತ್ತ ಪಿಕಪ್ಪನ್ನು ಅವಳು ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ‘ಅದನ್ನೇನು ಮಾಡ್ತೀಯಾ?’ ಅಂದೆ. ‘ಬಿಚ್ಚಿ ನೋಡ್ತೀನಿ, ಎಲ್ಲಿ ತುಂಡಾಗಿದೆ ಅಂತ.’ ಆ ತಂತಿ ಮೀಟರಿಗೆ ಐದೂವರೆ ಓಮ್ ಲೆಕ್ಕಕ್ಕೆ ಬರುತ್ತದೆ. ಅದರ ಜೊತೆಯ ಪಿಕಪ್ಪುಗಳಂತೆ ಅದರಲ್ಲೂ ಐದೂವರೆ ಸಾವಿರ ಓಮಿನಷ್ಟು ತಂತಿ ಇದ್ದರೆ, ಒಟ್ಟು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಆಯಿತು. ‘ಅಷ್ಟೂ ಬಿಚ್ಚುತೀಯಾ?’ ಎಂದು ಕೇಳಿದೆ.

‘ಹೊರಗಿನ ಸುತ್ತಿನಲ್ಲೇ ಇರುತ್ತೆ ಕಣೋ’ ಅಂದಳು. ‘ಸಾಮಾನ್ಯವಾಗಿ ಕೊನೇಲೇ ತುಂಡಾಗೋದು.’

ಮೊನ್ನೆ ಮಗ ಫೋನ್ ಮಾಡಿದ್ದ. ಅಜ್ಜಿ ಹೇಳಿದ್ದು ನಿಜವಂತೆ, ಮೂವತ್ತೇ ಸುತ್ತು ಬಿಚ್ಚುವಷ್ಟರಲ್ಲಿ ತುಂಡು ಸಿಕ್ಕಿತಂತೆ. ಕೆರೆದು ಬೆಸುಗೆ ಹಾಕಿದ್ದಾರೆ. ಮೀಟರು ಐದೂವರೆ ಕಿಲೋ ಓಮ್ ತೋರಿಸುತ್ತಿದೆ.